ಗೇಮ್ ಸ್ಕ್ರಿಪ್ಟ್‌ನಲ್ಲಿ ಲೂಪ್ ಮತ್ತು ಟೈಮರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ಈಗ ತಮ್ಮದೇ ಗೇಮ್ ಕಟ್ಟಲು ಕೂರುತ್ತಿದ್ದಾರೆ. ಕೆಲವರು ರೋಬ್ಲಾಕ್ಸ್‌ನಲ್ಲಿ, ಕೆಲವರು ಗೊಡೋದಲ್ಲಿ, ಕಾಲೇಜಿನವರು ಜಾಸ್ತಿ ಯೂನಿಟಿಯಲ್ಲಿ, ಚಿಕ್ಕವರು ಮೈನ್‌ಕ್ರಾಫ್ಟ್‌ನಲ್ಲಿ. ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಬೇರೆ ಬೇರೆ ಆದರೂ ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ. ಚಿತ್ರ ಬಿಡಿಸುವುದು ಬರುತ್ತದೆ, ಪಾತ್ರ ನಡೆಸುವುದು ಬರುತ್ತದೆ. "ಮೂರು ಸೆಕೆಂಡ್ ಆದ ಮೇಲೆ ಬಾಗಿಲು ಮುಚ್ಚು" ಅನ್ನೋ ಸಣ್ಣ ಕೆಲಸಕ್ಕೆ ಬಂದಾಗ ಎಲ್ಲ ಗೊಂದಲ.

ಉದಾಹರಣೆಗಳನ್ನೆಲ್ಲ ಒಂದೇ ಗೇಮ್‌ನಿಂದ ಕೊಡುತ್ತೇನೆ. ರಾತ್ರಿ ಹೊತ್ತಿನ ಬೀದರ್ ಕೋಟೆ. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ, ಗುಂಬದ್ ದರ್ವಾಜಾ, ಪಂಜು ಹಿಡಿದು ಸುತ್ತುವ ಕಾವಲುಗಾರರು, ಬುರುಜಿನ ಮೇಲೆ ಒಂದು ತೋಪು. ಆಟಗಾರ ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗಬೇಕು. ಈ ಕಡೆಯವರು ಒಮ್ಮೆಯಾದರೂ ನೋಡಿದ ಜಾಗ, ಹಾಗಾಗಿ ಕಣ್ಣ ಮುಂದೆ ತಂದುಕೊಳ್ಳುವುದು ಸುಲಭ.

ಲೂಪ್ ಯಾವಾಗ ಬಳಸಬೇಕು, ಟೈಮರ್ ಯಾವಾಗ ಬಳಸಬೇಕು?

ಏನನ್ನು ಮತ್ತೆ ಮತ್ತೆ ಮಾಡಬೇಕು ಅನ್ನೋದನ್ನು ಲೂಪ್ ಹೇಳುತ್ತದೆ. ಯಾವಾಗ ಮಾಡಬೇಕು ಅನ್ನೋದನ್ನು ಟೈಮರ್ ಹೇಳುತ್ತದೆ. ಕೋಟೆಯ ಎಲ್ಲ ಪಂಜುಗಳನ್ನೂ ಒಮ್ಮೆಲೇ ಹೊತ್ತಿಸಬೇಕಾ? ಅದು ಲೂಪ್‌ನ ಕೆಲಸ. ಹೊತ್ತಿದ ಪಂಜು 40 ಸೆಕೆಂಡ್ ಆದ ಮೇಲೆ ಆರಬೇಕಾ? ಅದು ಟೈಮರ್‌ನ ಕೆಲಸ. ಕಾವಲುಗಾರ ಆಟ ಮುಗಿಯುವ ತನಕ ಎರಡು ಸೆಕೆಂಡಿಗೊಮ್ಮೆ ಸುತ್ತ ನೋಡಬೇಕು ಅಂದರೆ ಎರಡೂ ಬೇಕು.

ತೊಂದರೆ ಶುರುವಾಗುವುದು ಲೂಪ್‌ನಿಂದಲೇ ಸಮಯ ಅಳೆಯಲು ಹೋದಾಗ. "ಲೂಪ್ ಒಂದು ಲಕ್ಷ ಸಲ ಸುತ್ತಲಿ, ಅಷ್ಟರಲ್ಲಿ ಒಂದು ಸೆಕೆಂಡ್ ಆಗಿರುತ್ತದೆ" ಅಂತ ಬರೆದವರನ್ನು ನೋಡಿದ್ದೇನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಸೆಕೆಂಡ್ ಆಗುವ ಕೆಲಸ ಗೆಳೆಯನ ಹೊಸ ಲ್ಯಾಪ್‌ಟಾಪಿನಲ್ಲಿ ಕಾಲು ಸೆಕೆಂಡಿಗೆ ಮುಗಿಯಬಹುದು. ಸಮಯವನ್ನು ಗೇಮ್‌ನ ಗಡಿಯಾರವೇ ಅಳೆಯಬೇಕು. ಕೆಳಗಿನ ಬಹುತೇಕ ಉತ್ತರಗಳು ಈ ಒಂದು ಮಾತಿನಿಂದಲೇ ಬರುತ್ತವೆ.

"ಸರ್, ವೈಲ್ ಟ್ರೂ ಹಾಕಿದ ಕೂಡಲೇ ಗೇಮ್ ಹ್ಯಾಂಗ್ ಆಗ್ತದ. ಯಾಕ್ರಿ?"

ಅತಿ ಹೆಚ್ಚು ಬರುವ ಪ್ರಶ್ನೆ ಇದು. ವೈಲ್ ಟ್ರೂ ಅಂದರೆ ಕೊನೆಯೇ ಇಲ್ಲದೆ ಸುತ್ತುವ ಲೂಪ್. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಗೇಮ್ ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ಬಿಡಿಸುತ್ತದೆ. ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಎಂಜಿನ್ ಕೀಲಿ ಒತ್ತಿದ್ದನ್ನು ಓದಬೇಕು, ನಿಮ್ಮ ಸ್ಕ್ರಿಪ್ಟ್ ಓಡಿಸಬೇಕು, ಡಿಕ್ಕಿ ಲೆಕ್ಕ ಹಾಕಬೇಕು, ಚಿತ್ರ ಬಿಡಿಸಬೇಕು. ಸ್ಕ್ರಿಪ್ಟ್‌ನ ಸರದಿ ಬಂದಾಗ ಎಂಜಿನ್ ಅದು ಮುಗಿಯಲಿ ಅಂತ ಕಾಯುತ್ತದೆ. ಎಲ್ಲರಿಗೂ ಟಿಕೆಟ್ ಕೊಟ್ಟು ಕಂಡಕ್ಟರ್ ಸೀಟಿ ಊದುವ ತನಕ ಬಸ್ ಸ್ಟ್ಯಾಂಡಿನಲ್ಲೇ ನಿಂತಿರುತ್ತದೆ, ಅಲ್ವಾ? ಕೊನೆಯಿಲ್ಲದ ಲೂಪ್ ಅಂದರೆ ಸೀಟಿಯನ್ನೇ ಊದದ ಕಂಡಕ್ಟರ್. ಗೇಮ್ ಕೆಟ್ಟಿಲ್ಲ. ನಿಮ್ಮ ಸ್ಕ್ರಿಪ್ಟ್ ಸರದಿ ಬಿಟ್ಟುಕೊಡಲಿ ಅಂತ ಕಾಯುತ್ತಾ ನಿಂತಿದೆ, ಅಷ್ಟೇ.

ಸರದಿ ಬಿಟ್ಟುಕೊಡುವ ಮಾತು ಒಂದೊಂದು ಎಂಜಿನ್‌ನಲ್ಲಿ ಒಂದೊಂದು ಥರ. ರೋಬ್ಲಾಕ್ಸ್‌ನಲ್ಲಿ ಲೂಪ್ ಒಳಗೆ ಟಾಸ್ಕ್ ಡಾಟ್ ವೇಟ್ ಬರೆಯಬೇಕು. ಗೊಡೋ 4ರಲ್ಲಿ ಅವೇಟ್. ಯೂನಿಟಿಯಲ್ಲಿ ಕೊರೂಟೀನ್ (ನಡುವೆ ನಿಂತು ಆಮೇಲೆ ಅಲ್ಲಿಂದಲೇ ಮುಂದುವರಿಯುವ ಕೋಡ್) ಮಾಡಿ ಅದರೊಳಗೆ ಯೀಲ್ಡ್ ರಿಟರ್ನ್. ಮೂರಕ್ಕೂ ಅರ್ಥ ಒಂದೇ: "ನನ್ನ ಕೆಲಸ ಸದ್ಯಕ್ಕೆ ಇಷ್ಟು. ನೀನು ಮುಂದೆ ಹೋಗು. ಹೊತ್ತಾದಾಗ ಇಲ್ಲಿಂದಲೇ ನನ್ನನ್ನು ಎಬ್ಬಿಸು."

ವೇಟ್ ಇಲ್ಲದ ಲೂಪನ್ನು ರೋಬ್ಲಾಕ್ಸ್ ಸ್ವಲ್ಪ ಹೊತ್ತು ನೋಡಿ, ಕೊಟ್ಟ ಸಮಯ ಮುಗಿಯಿತು ಅಂತ ದೋಷ ತೋರಿಸಿ ಆ ಸ್ಕ್ರಿಪ್ಟನ್ನು ನಿಲ್ಲಿಸುತ್ತದೆ. ಯೂನಿಟಿ ಅಷ್ಟು ಕರುಣೆ ತೋರಿಸುವುದಿಲ್ಲ. ಎಡಿಟರೇ ಗಟ್ಟಿಯಾಗಿ ನಿಂತುಬಿಡುತ್ತದೆ, ಟಾಸ್ಕ್ ಮ್ಯಾನೇಜರ್‌ನಿಂದ ಮುಚ್ಚಬೇಕು, ಸೇವ್ ಮಾಡದ ಕೆಲಸ ಹೋಗುತ್ತದೆ. ಹಾಗಾಗಿ ವೈಲ್ ಲೂಪ್ ಬರೆದಾಗಲೆಲ್ಲ ಪ್ಲೇ ಒತ್ತುವ ಮೊದಲು ಸೀನ್ ಸೇವ್ ಮಾಡಿ. ಇದನ್ನು ಕೈಗೆ ಅಭ್ಯಾಸ ಮಾಡಿಸಿಬಿಡಿ.

ವೇಟ್ ಹಾಕಿದ್ದೇನೆ, ಆದರೂ ಒಮ್ಮೊಮ್ಮೆ ನಿಲ್ಲುತ್ತದೆ?

ವೇಟ್ ಎಲ್ಲಿದೆ ನೋಡಿ. ಅದು ಇಫ್ ಒಳಗೆ ಕೂತಿದ್ದರೆ, ಆ ಷರತ್ತು ಸುಳ್ಳಾದ ಸುತ್ತಿನಲ್ಲಿ ವೇಟ್ ಸಿಗುವುದೇ ಇಲ್ಲ. "ಆಟಗಾರ ಹತ್ತಿರ ಇದ್ದರೆ ಕೂಗು, ಅರ್ಧ ಸೆಕೆಂಡ್ ಕಾಯಿ" ಅಂತ ಬರೆದಿದ್ದೀರಿ ಅಂದುಕೊಳ್ಳಿ. ಆಟಗಾರ ದೂರ ಇದ್ದಾಗ? ಕಾಯುವುದೇ ಇಲ್ಲ. ಕಂಟಿನ್ಯೂ ಬಳಸುವವರಿಗೂ ಇದೇ ಗತಿ: ಕಂಟಿನ್ಯೂ ಲೂಪಿನ ತಲೆಗೆ ಹಾರುತ್ತದೆ, ಕೆಳಗಿದ್ದ ವೇಟ್ ತಪ್ಪಿಹೋಗುತ್ತದೆ. ವೇಟನ್ನು ಲೂಪಿನ ಮೊದಲ ಸಾಲಿನಲ್ಲೇ ಇಡುವುದು ಒಳ್ಳೆಯದು. ಯಾವ ದಾರಿಯಲ್ಲಿ ಹೋದರೂ ಅದನ್ನು ದಾಟಿಯೇ ಹೋಗಬೇಕು.

0.01 ಸೆಕೆಂಡ್ ವೇಟ್ ಕೊಟ್ಟರೆ ಸೆಕೆಂಡಿಗೆ 100 ಸಲ ಓಡುತ್ತದಾ?

ಇಲ್ಲ. ಫ್ರೇಮ್ ಬರುವ ತನಕ ಯಾರೂ ಏಳುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಇದ್ದರೆ 0.01 ಕೊಟ್ಟರೂ ಸುಮಾರು 0.017 ಆಗುತ್ತದೆ. ಗೊಡೋದ ಟೈಮರ್ ನೋಡ್ (ನೋಡ್ ಅಂದರೆ ಅಲ್ಲಿ ಗೇಮ್ ಕಟ್ಟುವ ಬಿಡಿ ಭಾಗ) ಒಂದು ಫ್ರೇಮಿಗೆ ಒಂದು ಸಲ ಮಾತ್ರ ಹೊಡೆಯುತ್ತದೆ. 0.05 ಸೆಕೆಂಡಿಗಿಂತ ಕಡಿಮೆ ಅಂತರ ಬೇಕಿದ್ದರೆ ಟೈಮರ್ ಬಿಟ್ಟು ಪ್ರತಿ ಫ್ರೇಮಿಗೂ ಓಡುವ ಪ್ರೊಸೆಸ್ ಫಂಕ್ಷನ್ ಒಳಗೇ ಬರೆಯಿರಿ ಅಂತ ಗೊಡೋದವರೇ ಹೇಳುತ್ತಾರೆ. ಮೈನ್‌ಕ್ರಾಫ್ಟ್ ಲೋಕದ ಲೆಕ್ಕ ಇನ್ನೂ ದೊಡ್ಡ ಹೆಜ್ಜೆಯದು: ಏನೂ ಬದಲಿಸದಿದ್ದರೆ ಸೆಕೆಂಡಿಗೆ 20 ಟಿಕ್, ಅಂದರೆ ಒಂದಕ್ಕೆ 50 ಮಿಲಿಸೆಕೆಂಡ್. ಅದಕ್ಕಿಂತ ಚಿಕ್ಕ ಹೊತ್ತನ್ನು ಅಲ್ಲಿ ಕಮಾಂಡ್‌ನಿಂದ ಅಳೆಯಲು ಆಗುವುದಿಲ್ಲ.

ರೋಬ್ಲಾಕ್ಸ್‌ನಲ್ಲಿ ಹಳೆಯ ಪಾಠಗಳನ್ನು ನೋಡಿ ಕಲಿಯುವವರಿಗೆ ಒಂದು ಮಾತು. ಟಾಸ್ಕ್ ಇಲ್ಲದ ಬರೀ ವೇಟ್ ಹಳೆಯದು, ಎಷ್ಟೇ ಬೇಗ ಅಂದರೂ ಸೆಕೆಂಡಿಗೆ ಸುಮಾರು 30 ಸಲ ಮಾತ್ರ ಏಳುತ್ತದೆ, ಕೆಲಸ ಜಾಸ್ತಿ ಇದ್ದರೆ ಇನ್ನೂ ತಡ. ಹೊಸದಾಗಿ ಬರೆಯುವುದಾದರೆ ಟಾಸ್ಕ್ ಡಾಟ್ ವೇಟ್ ಮಾತ್ರ ಬಳಸಿ.

ಬೇಸಿಗೆಯ ಮಧ್ಯಾಹ್ನ ಫೋನಿನಲ್ಲಿ ಆಡಿದರೆ ಕಾವಲುಗಾರ ನಿಧಾನ ನಡೆಯುತ್ತಾನೆ. ಬೆಳಗ್ಗೆ ಸರಿ ಇರುತ್ತದೆ. ಇದೇನು?

ಒಳ್ಳೆಯ ಪ್ರಶ್ನೆ. ಕಲಬುರಗಿಯಲ್ಲಿ ಕೂತವರಿಗೇ ಹೊಳೆಯುವಂಥದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫೋನ್ ಬಿಸಿಯಾದರೆ ಅದರ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. 60 ಇದ್ದ ಫ್ರೇಮ್ 30ಕ್ಕೆ ಬೀಳುತ್ತದೆ. ನೀವು "ಪ್ರತಿ ಫ್ರೇಮಿಗೆ 2 ಪಿಕ್ಸೆಲ್ ಮುಂದೆ" ಅಂತ ಬರೆದಿದ್ದರೆ ಬೆಳಗ್ಗೆ ಸೆಕೆಂಡಿಗೆ 120 ಪಿಕ್ಸೆಲ್, ಮಧ್ಯಾಹ್ನ 60 ಪಿಕ್ಸೆಲ್. ಬಿಸಿಲಿಗೆ ನಿಮ್ಮ ಗೇಮ್ ಸುಲಭ ಆಗಿಬಿಡುತ್ತದೆ!

ಪರಿಹಾರ ಡೆಲ್ಟಾ. ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಹೊತ್ತು ಕಳೆಯಿತು ಅನ್ನೋದನ್ನು ಎಂಜಿನ್ ಪ್ರತಿ ಸಲ ನಿಮಗೆ ಕೊಡುತ್ತದೆ. ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಇಟ್ಟು ಡೆಲ್ಟಾದಿಂದ ಗುಣಿಸಿ:

ಜಾಗ = ಜಾಗ + 120 × ಡೆಲ್ಟಾ

ಫ್ರೇಮ್ 60 ಇರಲಿ, 30 ಇರಲಿ, ಸೆಕೆಂಡಿಗೆ 120 ಪಿಕ್ಸೆಲ್ಲೇ. ಟೈಮರ್ ಇಲ್ಲದೆ ಸಮಯ ಎಣಿಸುವುದೂ ಹೀಗೆಯೇ:

ಉಳಿದ ಹೊತ್ತು = ಉಳಿದ ಹೊತ್ತು − ಡೆಲ್ಟಾ

ಅದು ಸೊನ್ನೆ ಆದಾಗ ಅಥವಾ ಸೊನ್ನೆಗಿಂತ ಕೆಳಗೆ ಹೋದಾಗ ಪಂಜು ಆರಿಸಿ.

ಇಲ್ಲಿ ಒಂದು ಹಳೆಯ ಕತೆ ಹೇಳಲೇಬೇಕು. 1978ರ ಸ್ಪೇಸ್ ಇನ್‌ವೇಡರ್ಸ್ ಆಟದಲ್ಲಿ ಶತ್ರುಗಳು ಕಡಿಮೆ ಆದಂತೆ ಉಳಿದವರು ಜೋರಾಗಿ ಓಡುತ್ತಾರೆ. ಆ ಕಾಲದ ಯಂತ್ರ ಒಂದು ಸಲಕ್ಕೆ ಒಬ್ಬ ಶತ್ರುವನ್ನಷ್ಟೇ ಸರಿಸುತ್ತಿತ್ತು. ಸಾಲು ಖಾಲಿಯಾದಂತೆ ಒಂದು ಸುತ್ತು ಬೇಗ ಮುಗಿಯುತ್ತಿತ್ತು, ವೇಗ ತಾನಾಗಿ ಏರುತ್ತಿತ್ತು. ಆಟಗಾರರಿಗೆ ಅದೇ ರೋಮಾಂಚನ ಆಯಿತು. ಇವತ್ತು ನಿಮಗೆ ಅಂಥ ಏರುವ ವೇಗ ಬೇಕಿದ್ದರೆ ಬೇಕು ಅಂತಲೇ ಬರೆಯಿರಿ: ಉಳಿದ ಕಾವಲುಗಾರರ ಸಂಖ್ಯೆ ನೋಡಿ ವೇಗ ಏರಿಸಿ. ಯಂತ್ರದ ಪಾಡಿಗೆ ಬಿಡಬೇಡಿ.

ಹಾಗಾದರೆ ಎಲ್ಲವನ್ನೂ ಡೆಲ್ಟಾದಿಂದ ಗುಣಿಸಲಾ?

ಬೇಡ. ಒಮ್ಮೆ ಮಾತ್ರ ಆಗುವುದನ್ನು ಗುಣಿಸಬಾರದು. ತೋಪಿನ ಗುಂಡು ತಗುಲಿದಾಗ 20 ಅಂಕ ಕಡಿಮೆ ಆಗಬೇಕು ಅಂದರೆ ಪೂರ್ತಿ 20 ಕಳೆಯಿರಿ. ಬೆಂಕಿಯಲ್ಲಿ ನಿಂತಷ್ಟು ಹೊತ್ತು ಸೆಕೆಂಡಿಗೆ 20 ಹೋಗಬೇಕು ಅಂದರೆ ಆಗ ಡೆಲ್ಟಾ ಬೇಕು. ಗೊಡೋ 4ರಲ್ಲಿ ಮೂವ್ ಅಂಡ್ ಸ್ಲೈಡ್ (ಪಾತ್ರವನ್ನು ಸರಿಸುವ ಫಂಕ್ಷನ್) ಬಳಸುವವರು ವೆಲಾಸಿಟಿಯನ್ನು, ಅಂದರೆ ವೇಗವನ್ನು, ಡೆಲ್ಟಾದಿಂದ ಗುಣಿಸಿ ಕೊಡುತ್ತಾರೆ, ಪಾತ್ರ ಇದ್ದಲ್ಲಿಯೇ ತೆವಳುತ್ತದೆ. ಆ ಫಂಕ್ಷನ್ ಒಳಗೇ ಡೆಲ್ಟಾ ಲೆಕ್ಕ ಹಿಡಿಯುತ್ತದೆ. ಎರಡು ಸಲ ಗುಣಿಸಿದಂತಾಗುತ್ತದೆ.

ಇನ್ನೊಂದು ಕಡೆ ಎಚ್ಚರ ಬೇಕು. ಫೋನಿಗೆ ಕರೆ ಬಂತು, ಗೇಮ್ ಒಂದು ಕ್ಷಣ ತಡೆದು ಮತ್ತೆ ಶುರುವಾಯಿತು. ಆ ಒಂದು ಫ್ರೇಮಿನ ಡೆಲ್ಟಾ ಬಹಳ ದೊಡ್ಡದಿರಬಹುದು. ಕಾವಲುಗಾರ ಒಂದೇ ಹೆಜ್ಜೆಗೆ ಗೋಡೆಯ ಆಚೆ ಹೋಗಿರುತ್ತಾನೆ. ನಿಮ್ಮದೇ ಲೆಕ್ಕದಲ್ಲಿ ಡೆಲ್ಟಾಕ್ಕೆ ಒಂದು ಮೇಲ್ಮಿತಿ ಇಡಿ, 0.1 ಸೆಕೆಂಡ್ ಸಾಕು. ಡಿಕ್ಕಿ, ಜಿಗಿತ, ಬೀಳುವಿಕೆ ಇಂಥವನ್ನು ಎಂಜಿನ್‌ನ ಭೌತಿಕ ಲೆಕ್ಕದ (ಫಿಸಿಕ್ಸ್) ಲೂಪ್‌ನಲ್ಲೇ ಇಡಿ. ಅದು ಒಂದೇ ಅಳತೆಯ ಹೆಜ್ಜೆ ಹಾಕುತ್ತದೆ. ಏನೂ ಬದಲಿಸದಿದ್ದರೆ ಗೊಡೋದಲ್ಲಿ ಸೆಕೆಂಡಿಗೆ 60 ಸಲ, ಯೂನಿಟಿಯಲ್ಲಿ 50 ಸಲ.

ನೌಬಾದಿನ ಸುರಂಗ ಬಾವಿಗಳ ಮೇಲೆ ಒಂದು ಹಂತ ಮಾಡಿದ್ದೇವೆ. ಬಾವಿಗಳು ಒಂದಾದ ಮೇಲೊಂದು ತುಂಬಬೇಕು. ನಮ್ಮಲ್ಲಿ ಎಲ್ಲವೂ ಒಟ್ಟಿಗೇ ತುಂಬುತ್ತವೆ.

ಬೀದರಿನ ಕರೇಜ್ ನೋಡಿದವರಿಗೆ ಇದು ಎಂಥ ಚೆಂದದ ಹಂತ ಅನ್ನೋದು ಗೊತ್ತಾಗುತ್ತದೆ. ನೆಲದಡಿ ನೀರಿನ ಕಾಲುವೆ, ಅದರ ಮೇಲೆ ಸಾಲಾಗಿ ಬಾವಿಗಳು. ಸಾಲಿನಲ್ಲಿರುವ ಒಂದೊಂದನ್ನೂ ಹಿಡಿದು ಸುತ್ತುವ ಫಾರ್ ಲೂಪ್‌ಗೆ ಹೇಳಿ ಮಾಡಿಸಿದ ಹಾಗಿದೆ.

ನೀವು ಫಾರ್ ಲೂಪಿನ ಪ್ರತಿ ಸುತ್ತಿನಲ್ಲೂ "ಎರಡು ಸೆಕೆಂಡ್ ಆದ ಮೇಲೆ ಈ ಬಾವಿ ತುಂಬು" ಅಂತ ಒಂದು ಟೈಮರ್ ಹಚ್ಚಿದ್ದೀರಿ. ಲೂಪ್ ಯಾರಿಗೂ ಕಾಯುವುದಿಲ್ಲ. ಕಣ್ಣು ಮಿಟುಕಿಸುವುದರಲ್ಲಿ ಎಲ್ಲ ಬಾವಿಗೂ ಟೈಮರ್ ಹಚ್ಚಿ ಮುಗಿಸುತ್ತದೆ. ಎಲ್ಲ ಟೈಮರ್‌ಗೂ ಎರಡೇ ಸೆಕೆಂಡ್, ಎಲ್ಲವೂ ಒಟ್ಟಿಗೆ ಹೊಡೆಯುತ್ತವೆ.

ಎರಡು ದಾರಿ ಇವೆ. ಲೂಪ್ ಒಳಗೇ ಕಾಯುವುದು ಮೊದಲನೆಯದು: ಬಾವಿ ತುಂಬು, ಎರಡು ಸೆಕೆಂಡ್ ವೇಟ್, ಮುಂದಿನ ಬಾವಿ. ಇಲ್ಲವೇ ಪ್ರತಿ ಟೈಮರ್‌ಗೂ ಬೇರೆ ಹೊತ್ತು ಕೊಡುವುದು: ಬಾವಿಯ ಸಂಖ್ಯೆ × 2. ಮೊದಲನೆಯದು ನನಗೆ ಹೆಚ್ಚು ಇಷ್ಟ. ಆಟಗಾರ ನಡುವೆ ಕಲ್ಲು ಅಡ್ಡ ಇಟ್ಟು ನೀರು ತಡೆದರೆ ಒಂದೇ ಬ್ರೇಕ್‌ನಿಂದ ಎಲ್ಲ ನಿಲ್ಲುತ್ತದೆ. ಎರಡನೆಯದರಲ್ಲಿ ಆಗಲೇ ಹಚ್ಚಿದ ಟೈಮರ್‌ಗಳನ್ನು ಒಂದೊಂದಾಗಿ ಹುಡುಕಿ ನಿಲ್ಲಿಸಬೇಕು.

ಎರಡನೆಯ ದಾರಿ ಹಿಡಿದ ಯೂನಿಟಿಯವರಿಗೆ ಇನ್ನೊಂದು ತಿರುವು ಕಾದಿದೆ. ಯೂನಿಟಿಯಲ್ಲಿ ಬರೆಯುವ ಭಾಷೆ ಸಿ ಶಾರ್ಪ್‌ನ ಫಾರ್ ಲೂಪಿನಲ್ಲಿ ಎಣಿಕೆಯ ಹೆಸರು ಎಲ್ಲ ಸುತ್ತಿಗೂ ಒಂದೇ. ಟೈಮರ್ ಹೊಡೆಯುವ ಹೊತ್ತಿಗೆ ಲೂಪ್ ಮುಗಿದು ಆ ಎಣಿಕೆ ಕೊನೆಯ ಬಾವಿಯನ್ನೂ ದಾಟಿರುತ್ತದೆ. ಸುತ್ತಿನ ಒಳಗೆ ಹೊಸ ಹೆಸರಿಗೆ ಅದನ್ನು ನಕಲು ಮಾಡಿಕೊಂಡು ಟೈಮರ್‌ಗೆ ಆ ನಕಲನ್ನು ಕೊಡಿ. ರೋಬ್ಲಾಕ್ಸ್‌ನ ಲುವಾದಲ್ಲಿ ಪ್ರತಿ ಸುತ್ತಿಗೂ ಹೊಸ ಎಣಿಕೆ, ಅಲ್ಲಿ ಈ ಕಾಟ ಇಲ್ಲ.

ಟೈಮರ್ 5 ಆದಾಗ ಬಾಗಿಲು ತೆರೆ ಅಂತ ಬರೆದೆ. ತೆರೆಯುವುದೇ ಇಲ್ಲ.

ಸಮ ಅನ್ನೋ ಚಿಹ್ನೆ ತೆಗೆದು "5 ಅಥವಾ ಅದಕ್ಕಿಂತ ಹೆಚ್ಚು" ಅಂತ ಬರೆಯಿರಿ. ಡೆಲ್ಟಾ ಕೂಡಿಸುತ್ತಾ ಹೋದರೆ ಸಮಯ 4.99ರಿಂದ 5.007ಕ್ಕೆ ಹಾರುತ್ತದೆ. ಸರಿಯಾಗಿ 5ರ ಮೇಲೆ ಅದು ನಿಲ್ಲುವುದೇ ಅಪರೂಪ. ಜೊತೆಗೆ "ತೆರೆದಾಯಿತು" ಅನ್ನೋ ಒಂದು ಗುರುತು ಇಟ್ಟುಕೊಳ್ಳಿ, ಇಲ್ಲದಿದ್ದರೆ ಅಲ್ಲಿಂದ ಮುಂದೆ ಪ್ರತಿ ಫ್ರೇಮಿಗೂ ತೆರೆಯುತ್ತಲೇ ಇರುತ್ತದೆ.

ಒಂದು ಸೆಕೆಂಡಿನ ಟೈಮರ್ 10 ನಿಮಿಷದಲ್ಲಿ ಗೋಡೆ ಗಡಿಯಾರಕ್ಕಿಂತ ಹಿಂದೆ ಬೀಳುತ್ತದೆ. ಏಕೆ?

ಸಮಯ ಕೂಡಿಸಿ, 1 ದಾಟಿದ ಕೂಡಲೇ ಸೊನ್ನೆ ಮಾಡುತ್ತಿದ್ದೀರಿ ಅಲ್ವಾ? ದಾಟಿದ್ದು 1.009ಕ್ಕೆ ಅಂತ ಇಟ್ಟುಕೊಳ್ಳಿ. ಸೊನ್ನೆ ಮಾಡಿದಾಗ ಆ 0.009 ಬಿದ್ದುಹೋಯಿತು. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಪ್ರತಿ ಸಲ ಸರಾಸರಿ 8 ಮಿಲಿಸೆಕೆಂಡ್ ಹೀಗೆ ಉದುರುತ್ತದೆ. 600 ಸಲಕ್ಕೆ ಸುಮಾರು 5 ಸೆಕೆಂಡ್. 30 ಫ್ರೇಮಿನ ಫೋನಿನಲ್ಲಿ ಅದರ ಎರಡರಷ್ಟು. ಸೊನ್ನೆ ಮಾಡುವ ಬದಲು 1 ಕಳೆಯಿರಿ. ಮಿಕ್ಕಿದ್ದು ಮುಂದಿನ ಸೆಕೆಂಡಿನ ಲೆಕ್ಕಕ್ಕೆ ಸೇರುತ್ತದೆ.

ಲೂಪ್ ಒಳಗೆ "ಒಂದು ಸೆಕೆಂಡ್ ವೇಟ್, ಎಣಿಕೆ ಒಂದು ಕಡಿಮೆ" ಅಂತ ಬರೆಯುವವರಿಗೂ ಇದೇ ಸೋರಿಕೆ. ಉದ್ದದ ಕೌಂಟ್‌ಡೌನ್ ಆದರೆ ಮುಗಿಯುವ ಹೊತ್ತನ್ನು ಮೊದಲೇ ಬರೆದಿಟ್ಟುಕೊಂಡು, ಪ್ರತಿ ಸಲ ಗಡಿಯಾರ ನೋಡಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಿ ತೋರಿಸಿ. ಆಗ ಸೋರಲು ಏನೂ ಇರುವುದಿಲ್ಲ.

ಸಣ್ಣ ಸೋರಿಕೆ ಅಂತ ಬಿಡಬಾರದು ಅನ್ನೋದಕ್ಕೆ ಗೇಮ್ ಆಚೆಯ ಒಂದು ನಿಜ ಘಟನೆ ಇದೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರು ಬರುತ್ತಿದ್ದ ಕ್ಷಿಪಣಿಯನ್ನು ತಡೆಯಲಿಲ್ಲ. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. 0.1 ಅನ್ನೋದನ್ನು ಕಂಪ್ಯೂಟರಿನ ಸೊನ್ನೆ, ಒಂದು ಅನ್ನೋ ಎರಡೇ ಅಂಕಿಯ ಲೆಕ್ಕದಲ್ಲಿ ಪೂರ್ತಿಯಾಗಿ ಬರೆಯಲು ಆಗುವುದಿಲ್ಲ. 100 ಗಂಟೆ ಬಿಡದೆ ಓಡಿದ ಮೇಲೆ ತಪ್ಪು ಸುಮಾರು 0.34 ಸೆಕೆಂಡ್ ಆಗಿತ್ತು. 28 ಸೈನಿಕರು ಸತ್ತರು. ನಿಮ್ಮ ಗೇಮ್‌ನಲ್ಲಿ ಯಾರ ಜೀವವೂ ಹೋಗುವುದಿಲ್ಲ. ಆದರೆ ಸಮಯವನ್ನು ಚೂರು ಚೂರು ಕೂಡಿಸುವ ಎಲ್ಲರಿಗೂ ಈ ಘಟನೆ ತಿಳಿದಿರಬೇಕು ಅಂತ ನನಗನ್ನಿಸುತ್ತದೆ.

ತೋಪು ಮೂರು ಸೆಕೆಂಡಿಗೊಮ್ಮೆ ಮಾತ್ರ ಹಾರಬೇಕು. ಬಟನ್ ಪಟಪಟ ಒತ್ತಿದರೆ ಹತ್ತು ಗುಂಡು ಹೋಗುತ್ತವೆ.

ಇದಕ್ಕೆ ಟೈಮರೇ ಬೇಡ. ಕೊನೆಯ ಗುಂಡು ಹಾರಿದ ಹೊತ್ತನ್ನು ಬರೆದಿಡಿ. ಬಟನ್ ಒತ್ತಿದಾಗ ಈಗಿನ ಹೊತ್ತಿನಿಂದ ಅದನ್ನು ಕಳೆಯಿರಿ. 3ಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಹಿಂತಿರುಗಿ. ಹೊತ್ತನ್ನು ಬರೆಯುವ ಸಾಲು ಗುಂಡು ಹಾರಿಸುವ ಸಾಲಿಗಿಂತ ಮೊದಲು ಬರಲಿ. ಹಾರಿಸುವ ಫಂಕ್ಷನ್ ಒಳಗೆ ಎಲ್ಲಾದರೂ ವೇಟ್ ಇದ್ದರೆ, ಆ ಸಂದಿಯಲ್ಲಿ ಎರಡನೇ ಒತ್ತು ಒಳಗೆ ನುಗ್ಗುತ್ತದೆ.

ದರ್ವಾಜಾ ತೆರೆದು ಮುಚ್ಚುವಾಗ ಹುಚ್ಚು ಹಿಡಿದಂತೆ ಆಡುತ್ತದೆ. ತೆರೆದ ಕೂಡಲೇ ಮುಚ್ಚುತ್ತದೆ.

ನನ್ನ ಪ್ರಕಾರ ಟೈಮರ್‌ಗಳ ವಿಷಯದಲ್ಲಿ ಕಲಿಯಬೇಕಾದ ದೊಡ್ಡ ಪಾಠ ಇದು. ಫ್ರೇಮ್, ಡೆಲ್ಟಾ ಎಲ್ಲ ಒಂದು ವಾರದಲ್ಲಿ ರೂಢಿಯಾಗುತ್ತವೆ. ಇದು ಮಾತ್ರ ಅನುಭವ ಇದ್ದವರನ್ನೂ ಕಾಡುತ್ತದೆ.

ಆಟಗಾರ ಬಾಗಿಲ ಹತ್ತಿರ ಬಂದ, ಬಾಗಿಲು ತೆರೆಯಿತು, "5 ಸೆಕೆಂಡ್ ಆದ ಮೇಲೆ ಮುಚ್ಚು" ಅಂತ ಟೈಮರ್ ಹಚ್ಚಿತು. 4ನೇ ಸೆಕೆಂಡಿಗೆ ಆಟಗಾರ ಮತ್ತೆ ಬಂದ. ಬಾಗಿಲು ಮತ್ತೆ ತೆರೆಯಿತು, ಇನ್ನೊಂದು ಟೈಮರ್ ಹಚ್ಚಿತು. ಹಳೆಯ ಟೈಮರ್ ಎಲ್ಲೂ ಹೋಗಿಲ್ಲ. ಇನ್ನೊಂದು ಸೆಕೆಂಡಿಗೆ ಅದು ತನ್ನ ಕೆಲಸ ಮಾಡಿ ಆಟಗಾರನ ಮುಖದ ಮೇಲೆ ಬಾಗಿಲು ಮುಚ್ಚುತ್ತದೆ.

ಒಂದು ಟೈಮರ್ ಹಚ್ಚುವ ಮೊದಲು ಇದನ್ನು ಕೇಳಿಕೊಳ್ಳಿ: ಇದು ಯಾರದ್ದು, ಇದನ್ನು ಯಾರು ನಿಲ್ಲಿಸುತ್ತಾರೆ? ಉತ್ತರ ಇಲ್ಲದಿದ್ದರೆ ಹಚ್ಚಬೇಡಿ.

ಗೊಡೋದಲ್ಲಿ ಬಾಗಿಲಿಗೇ ಒಂದು ಟೈಮರ್ ನೋಡ್ ಕೊಡಿ, ಒಮ್ಮೆ ಮಾತ್ರ ಹೊಡೆಯಲಿ ಅನ್ನೋ ಒನ್ ಶಾಟ್ ಗುರುತು ಹಾಕಿ. ಓಡುತ್ತಿರುವ ಟೈಮರ್‌ಗೆ ಮತ್ತೆ ಸ್ಟಾರ್ಟ್ ಕೊಟ್ಟರೆ ಅದು ಮೊದಲಿನಿಂದ ಎಣಿಸುತ್ತದೆ. ಎರಡು ಟೈಮರ್ ಆಗುವ ಮಾತೇ ಇಲ್ಲ. ಒಂದೇ ಸಾಲಿನಲ್ಲಿ ಮುಗಿಯುತ್ತದೆ ಅಂತ ಎಲ್ಲರೂ ಬಳಸುವ ಕ್ರಿಯೇಟ್ ಟೈಮರ್ ಪ್ರತಿ ಸಲ ಹೊಸದನ್ನು ಹುಟ್ಟಿಸುತ್ತದೆ, ಅದಕ್ಕೆ ಸ್ಟಾಪ್ ಇಲ್ಲ. ಒಮ್ಮೆ ಆಗಿ ಮುಗಿಯುವ ಕೆಲಸಕ್ಕೆ ಅದು ಸರಿ, ಬಾಗಿಲಿಗೆ ಸರಿಯಲ್ಲ.

ರೋಬ್ಲಾಕ್ಸ್‌ನಲ್ಲಿ ಟಾಸ್ಕ್ ಡಾಟ್ ಡಿಲೇ ಏನು ಹಿಂತಿರುಗಿಸುತ್ತದೋ ಅದನ್ನು ಹಿಡಿದಿಟ್ಟುಕೊಳ್ಳಿ. ಹೊಸದನ್ನು ಹಚ್ಚುವ ಮೊದಲು ಟಾಸ್ಕ್ ಡಾಟ್ ಕ್ಯಾನ್ಸಲ್‌ಗೆ ಕೊಡಿ. ಯೂನಿಟಿಯಲ್ಲಿ ಸ್ಟಾರ್ಟ್ ಕೊರೂಟೀನ್ ಕೊಟ್ಟಿದ್ದನ್ನು ಇಟ್ಟುಕೊಂಡು ಸ್ಟಾಪ್ ಕೊರೂಟೀನ್‌ಗೆ ಕೊಡಿ. ಮೈನ್‌ಕ್ರಾಫ್ಟ್ ಜಾವಾದಲ್ಲಿ ಶೆಡ್ಯೂಲ್ ಕಮಾಂಡ್ ತಾನಾಗಿಯೇ ಹಳೆಯದರ ಜಾಗಕ್ಕೆ ಹೊಸದನ್ನು ಇಡುತ್ತದೆ. ಎರಡೂ ಇರಲಿ ಅಂದರೆ ಮಾತ್ರ ಅಪೆಂಡ್ ಅಂತ ಹೇಳಬೇಕು.

ನಿಲ್ಲಿಸುವ ದಾರಿಯೇ ಇಲ್ಲದ ಕಡೆ ಒಂದು ಸಂಖ್ಯೆ ಇಡಿ. ಬಾಗಿಲು ತೆರೆದಾಗಲೆಲ್ಲ ಸಂಖ್ಯೆ ಒಂದು ಏರಲಿ. ಟೈಮರ್ ಹಚ್ಚುವಾಗ ಆಗಿನ ಸಂಖ್ಯೆ ನೆನಪಿಟ್ಟುಕೊಳ್ಳಲಿ. ಏಳುವಾಗ ಈಗಿನ ಸಂಖ್ಯೆ ಅದೇ ಇದೆಯಾ ನೋಡಲಿ. ಬೇರೆ ಇದ್ದರೆ ತಾನು ಹಳೆಯದು ಅಂತ ತಿಳಿದು ಸುಮ್ಮನಾಗಲಿ. ಯಾವ ಎಂಜಿನ್‌ನಲ್ಲೂ ನಡೆಯುವ ಉಪಾಯ ಇದು.

ವೇಟ್ ನಡುವೆ ಕಾವಲುಗಾರ ಸತ್ತರೆ ದೋಷ ಬರುತ್ತದೆ.

ಕಾದು ಎದ್ದ ಮೇಲೆ ಲೋಕ ಬದಲಾಗಿರುತ್ತದೆ ಅಂದುಕೊಂಡೇ ಬರೆಯಬೇಕು. ವೇಟ್ ಆದ ಮುಂದಿನ ಸಾಲಿನಲ್ಲೇ ಆ ವಸ್ತು ಇನ್ನೂ ಇದೆಯಾ ನೋಡಿ. ಗೊಡೋದಲ್ಲಿ ಈಸ್ ಇನ್‌ಸ್ಟೆನ್ಸ್ ವ್ಯಾಲಿಡ್, ರೋಬ್ಲಾಕ್ಸ್‌ನಲ್ಲಿ ಅದರ ಪೇರೆಂಟ್ (ಅದನ್ನು ತನ್ನೊಳಗೆ ಇಟ್ಟುಕೊಂಡ ವಸ್ತು) ಇದೆಯಾ ಅನ್ನೋ ಪರೀಕ್ಷೆ. ಯೂನಿಟಿಯಲ್ಲಿ ಗೇಮ್ ಆಬ್ಜೆಕ್ಟ್ ನಿಷ್ಕ್ರಿಯ ಮಾಡಿದರೆ ಅದರ ಕೊರೂಟೀನ್‌ಗಳು ನಿಲ್ಲುತ್ತವೆ, ಮತ್ತೆ ಸಕ್ರಿಯ ಮಾಡಿದರೂ ಮುಂದುವರಿಯುವುದಿಲ್ಲ. ಬರೀ ಸ್ಕ್ರಿಪ್ಟಿನ ಪಕ್ಕದ ಟಿಕ್ ಗುರುತು ತೆಗೆದು ಸ್ಕ್ರಿಪ್ಟನ್ನಷ್ಟೇ ಆಫ್ ಮಾಡಿದರೆ ಮಾತ್ರ ಓಡುತ್ತಲೇ ಇರುತ್ತವೆ. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ಬಹಳ ಸಂಜೆಗಳು ಹಾಳಾಗುತ್ತವೆ.

ಪಾಸ್ (ಗೇಮ್ ತಡೆದು ನಿಲ್ಲಿಸುವ ಬಟನ್) ಒತ್ತಿದರೂ ಟೈಮರ್ ಓಡುತ್ತದೆ?

ಗೊಡೋದಲ್ಲಿ ಕ್ರಿಯೇಟ್ ಟೈಮರ್ ಬಳಸಿದ್ದರೆ ಹೌದು. ನೀವು ಬೇಡ ಅನ್ನದಿದ್ದರೆ ಅದು ಪಾಸ್‌ನಲ್ಲೂ ಎಣಿಸುತ್ತದೆ. ಎರಡನೇ ಜಾಗದಲ್ಲಿ ಫಾಲ್ಸ್ ಕೊಡಿ. ಯೂನಿಟಿಯಲ್ಲಿ ಟೈಮ್ ಸ್ಕೇಲ್ (ಗೇಮ್‌ನ ಸಮಯ ಓಡುವ ವೇಗ) ಸೊನ್ನೆ ಮಾಡಿದರೆ ವೇಟ್ ಫಾರ್ ಸೆಕೆಂಡ್ಸ್ ಅಲ್ಲೇ ನಿಲ್ಲುತ್ತದೆ. ಪಾಸ್ ಪರದೆಯ ಮೇಲೆ ಅಕ್ಷರ ಮಿನುಗಬೇಕು ಅಂದರೆ ಅದರ ರಿಯಲ್‌ಟೈಮ್ ರೂಪ ಬಳಸಿ.

ಕೋಟೆಯಲ್ಲಿ 50 ಕಾವಲುಗಾರರನ್ನು ಇಟ್ಟರೆ ಗೇಮ್ ತೆವಳುತ್ತದೆ.

ಪ್ರತಿಯೊಬ್ಬನೂ ಪ್ರತಿ ಫ್ರೇಮಿಗೆ ಉಳಿದ ಎಲ್ಲರನ್ನೂ ನೋಡುತ್ತಿದ್ದಾನಾ? 50 × 50 ಅಂದರೆ ಫ್ರೇಮಿಗೆ 2,500 ಪರೀಕ್ಷೆ, ಸೆಕೆಂಡಿಗೆ 1,50,000. ಯಾವ ಮನುಷ್ಯನೂ ಸೆಕೆಂಡಿಗೆ 60 ಸಲ ಸುತ್ತ ನೋಡುವುದಿಲ್ಲ. ನಡೆಯುವುದು ಪ್ರತಿ ಫ್ರೇಮಿಗೆ ಇರಲಿ, ನೋಡುವುದು 0.2 ಸೆಕೆಂಡಿಗೊಮ್ಮೆ ಇರಲಿ. ಸೆಕೆಂಡಿಗೆ 12,500ಕ್ಕೆ ಇಳಿಯುತ್ತದೆ. ಆಟಗಾರನಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಆದರೆ 50 ಜನರೂ ಒಂದೇ ಹೊತ್ತಿಗೆ ಶುರು ಮಾಡಿದರೆ 0.2 ಸೆಕೆಂಡಿಗೊಮ್ಮೆ ಎಲ್ಲರೂ ಒಟ್ಟಿಗೆ ನೋಡುತ್ತಾರೆ, ಅದೇ ಫ್ರೇಮಿನಲ್ಲಿ ಗೇಮ್ ಒಮ್ಮೆ ಎಡವುತ್ತದೆ. ಶುರುವಿನಲ್ಲಿ ಒಬ್ಬೊಬ್ಬನಿಗೂ 0ರಿಂದ 0.2ರ ನಡುವೆ ಯಾವುದೋ ಒಂದು ಹೊತ್ತು ಕಾಯಲು ಹೇಳಿ. ಭಾರ ಎಲ್ಲ ಫ್ರೇಮುಗಳ ಮೇಲೂ ಹಂಚಿಹೋಗುತ್ತದೆ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರು ಹೊಸದನ್ನು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಸತ್ತ ಕಾವಲುಗಾರರನ್ನು ಪಟ್ಟಿಯಿಂದ ತೆಗೆಯುವಾಗ ಕೆಲವರು ಉಳಿದುಬಿಡುತ್ತಾರೆ.

ಮುಂದಿನಿಂದ ಹಿಂದಕ್ಕೆ ತೆಗೆಯುತ್ತಿದ್ದೀರಿ. 3ನೆಯವನನ್ನು ತೆಗೆದರೆ 4ನೆಯವನು 3ಕ್ಕೆ ಬರುತ್ತಾನೆ, ಲೂಪ್ 4ಕ್ಕೆ ಹೋಗುತ್ತದೆ, ಅವನು ತಪ್ಪಿಸಿಕೊಂಡ. ಪಟ್ಟಿಯ ಕೊನೆಯಿಂದ ಶುರು ಮಾಡಿ.

ಕರೆಂಟ್ ಹೋಗಿ ಬಂದರೆ ಟೈಮರ್ ಎಲ್ಲ ಮೊದಲಿಗೆ ಬರುತ್ತವೆ. ಉಳಿಸಿಕೊಳ್ಳುವುದು ಹೇಗೆ?

ಓಡುತ್ತಿರುವ ಟೈಮರನ್ನು ಸೇವ್ ಮಾಡಲು ಆಗುವುದಿಲ್ಲ. ಅದರಲ್ಲಿ ಉಳಿದ ಹೊತ್ತನ್ನು ಸೇವ್ ಮಾಡಬಹುದು. "ಈ ಪಂಜಿಗೆ ಇನ್ನು 17.4 ಸೆಕೆಂಡ್" ಅಂತ ಬರೆದಿಟ್ಟು, ಗೇಮ್ ಮತ್ತೆ ತೆರೆದಾಗ ಅಷ್ಟಕ್ಕೇ ಹೊಸ ಟೈಮರ್ ಹಚ್ಚಿ. ಸೇವ್ ಮಾಡುವುದಕ್ಕೂ ಒಂದು ಟೈಮರ್ ಇಡಿ, ಒಂದೆರಡು ನಿಮಿಷಕ್ಕೊಮ್ಮೆ ಸಾಕು.

ಗೇಮ್ ಮುಚ್ಚಿದ್ದಾಗಲೂ ಸಮಯ ನಡೆಯಬೇಕು, ಉದಾಹರಣೆಗೆ ಬಿತ್ತಿದ ತೊಗರಿ ನಾಳೆ ಬೆಳೆದಿರಬೇಕು ಅಂದರೆ, ಬಿತ್ತಿದ ದಿನಾಂಕ ಮತ್ತು ಹೊತ್ತನ್ನು ಬರೆದಿಡಿ. ತೆರೆದಾಗ ಎಷ್ಟು ಕಳೆದಿದೆ ಲೆಕ್ಕ ಹಾಕಿ. ಫೋನಿನ ಗಡಿಯಾರ ಮುಂದೆ ತಿರುಗಿಸಿ ಬೆಳೆ ತೆಗೆಯುವವರು ಇದ್ದೇ ಇರುತ್ತಾರೆ. ಒಬ್ಬನೇ ಆಡುವ ಗೇಮ್ ಆದರೆ ಬಿಟ್ಟುಬಿಡಿ. ಬಹುಮಾನ, ಸ್ಪರ್ಧೆ ಇದ್ದರೆ ಸಮಯ ಸರ್ವರ್‌ನಿಂದ ಬರಬೇಕು.

ನಾಲ್ಕು ಜನ ಸೇರಿ ಆಡುವಾಗ ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ಸಮಯ ಕಾಣುತ್ತದೆ.

ನಾಲ್ಕು ಯಂತ್ರದಲ್ಲೂ ಬೇರೆ ಬೇರೆ ಟೈಮರ್ ಓಡಿಸಿದರೆ ಹಾಗೇ ಆಗುವುದು. ಸರ್ವರ್ ಒಂದೇ ಟೈಮರ್ ಇಟ್ಟುಕೊಂಡು ಮುಗಿಯುವ ಹೊತ್ತನ್ನು ಎಲ್ಲರಿಗೂ ಒಮ್ಮೆ ಕಳಿಸಲಿ. ಪರದೆಗಳು ಅದನ್ನು ನೋಡಿ ಅಂಕಿ ತೋರಿಸಲಿ, ತೀರ್ಪು ಮಾತ್ರ ಸರ್ವರ್‌ನದ್ದೇ. ಪ್ರತಿ ಸೆಕೆಂಡಿಗೂ ಅಂಕಿ ಕಳಿಸುತ್ತಾ ಕೂತರೆ ನೆಟ್‌ವರ್ಕ್ ಸರಿಯಿಲ್ಲದ ಹಳ್ಳಿಯಲ್ಲಿ ಕೂತವನ ಪರದೆ ಜಿಗಿಯುತ್ತಾ ಇರುತ್ತದೆ.

ಬರೆದದ್ದು ಸರಿ ಇದೆಯಾ ಅಂತ ಪರೀಕ್ಷಿಸುವುದು ಹೇಗೆ?

ಫ್ರೇಮ್ ಮಿತಿಯನ್ನು 20ಕ್ಕೆ ಇಳಿಸಿ ಆಡಿ, ಆಮೇಲೆ 120ಕ್ಕೆ ಏರಿಸಿ ಆಡಿ. ಗೊಡೋದಲ್ಲಿ ಎಂಜಿನ್‌ನ ಮ್ಯಾಕ್ಸ್ ಎಫ್‌ಪಿಎಸ್, ಯೂನಿಟಿಯಲ್ಲಿ ಟಾರ್ಗೆಟ್ ಫ್ರೇಮ್ ರೇಟ್. ಯೂನಿಟಿಯಲ್ಲಿ ವಿ-ಸಿಂಕ್ (ಪರದೆಯ ವೇಗಕ್ಕೆ ಫ್ರೇಮುಗಳನ್ನು ಕಟ್ಟಿಹಾಕುವ ಸೆಟ್ಟಿಂಗ್) ಆನ್ ಇದ್ದರೆ ಈ ಮಿತಿ ಕೆಲಸ ಮಾಡುವುದಿಲ್ಲ, ಮೊದಲು ಅದನ್ನು ಆಫ್ ಮಾಡಿ. ಎರಡರಲ್ಲೂ ಕಾವಲುಗಾರ ಒಂದು ಗೋಡೆಯಿಂದ ಇನ್ನೊಂದಕ್ಕೆ ಅಷ್ಟೇ ಸೆಕೆಂಡಿಗೆ ತಲುಪಬೇಕು. ಬಾಗಿಲ ಮುಂದೆ ನಿಂತು ಒಳಗೆ ಹೊರಗೆ ಓಡಾಡಿ. ಟೈಮರ್ ಎಣಿಸುತ್ತಿರುವಾಗಲೇ ಪಾಸ್ ಒತ್ತಿ, ಸಾಯಿರಿ, ಹಂತ ಮತ್ತೆ ಶುರು ಮಾಡಿ. ಪ್ರತಿ ಟೈಮರ್ ಹುಟ್ಟಿದಾಗ ಮತ್ತು ಮುಗಿದಾಗ ಒಂದೊಂದು ಸಾಲು ಪ್ರಿಂಟ್ ಮಾಡಿಸಿ. ಹುಟ್ಟಿದ ಸಾಲುಗಳು ಜಾಸ್ತಿ, ಮುಗಿದವು ಕಡಿಮೆ ಇದ್ದರೆ ಎಲ್ಲೋ ಯಾರದ್ದೂ ಅಲ್ಲದ ಟೈಮರ್ ಇನ್ನೂ ಓಡುತ್ತಿದೆ. ಬೇರೆ ಕೆಲಸಕ್ಕೆ ಹೋಗುವ ಮೊದಲು ಅದನ್ನು ಹುಡುಕಿ ತೆಗೆಯಿರಿ.